ಸಹಾಯ ಬೇಕು: ಐಎಸ್‌ಡಿಎನ್ ವಿಡಿಯೋ ಗೇಟ್‌ವೇಯಲ್ಲಿ ಒಂದೇ ಚಾನೆಲ್ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಹಳೇ ಕಾಲದ ಸಮಸ್ಯೆ, ನಗಬೇಡಿ. ನಮ್ಮ ತರಬೇತಿ ಕೇಂದ್ರದಲ್ಲಿ ಒಂದು ಪಿಆರ್‌ಐ ಲೈನ್ (ಹಲವು ಚಾನೆಲ್ ಇರುವ ಐಎಸ್‌ಡಿಎನ್ ಡಿಜಿಟಲ್ ಫೋನ್ ಲೈನ್) ಇನ್ನೂ ಇದೆ. ಅದಕ್ಕೆ ವಿಡಿಯೋ ಗೇಟ್‌ವೇ ಕೂರಿಸಿದ್ದೇವೆ. ಒಳಗೆ ಎಚ್.323 (ಐಪಿ ನೆಟ್‌ವರ್ಕಿನ ವಿಡಿಯೋ ಕರೆ ಪದ್ಧತಿ), ಹೊರಗೆ ಎಚ್.320 (ಐಎಸ್‌ಡಿಎನ್ ವಿಡಿಯೋ ಕರೆ ಪದ್ಧತಿ).

ನಾವು ಕರೆ ಮಾಡಿದರೆ ಆರೂ ಬಿ ಚಾನೆಲ್ (ಚಿತ್ರ, ಧ್ವನಿ ಸಾಗಿಸುವ ತಲಾ 64 ಕೆಬಿಪಿಎಸ್ ಚಾನೆಲ್) ಸೇರಿ 384 ಕೆಬಿಪಿಎಸ್ ಸರಿಯಾಗಿ ಸಿಗುತ್ತದೆ. ಆ ಕಡೆಯವರು ಮಾಡಿದಾಗ ಮಾತ್ರ ಮೊದಲ ಚಾನೆಲ್ ಬಂದು ಸುಮ್ನೆ ನಿಲ್ಲುತ್ತದೆ. ಮಿಕ್ಕ ಐದರ ಸುಳಿವೇ ಇಲ್ಲ. ಸ್ವಲ್ಪ ಹೊತ್ತಿಗೆ ಕರೆ ಕಟ್.

ಸಿಆರ್‌ಸಿ-4 (ಲೈನಿನ ದೋಷ ತಪಾಸಣೆ) ಎರಡೂ ಕಡೆ ಆನ್ ಇದೆ. ಕ್ಲಾಕ್ ಎಕ್ಸ್‌ಚೇಂಜಿನಿಂದಲೇ ಬರುತ್ತಿದೆ, ಸ್ಲಿಪ್ (ಕ್ಲಾಕ್ ತಾಳ ತಪ್ಪುವುದು) ಸೊನ್ನೆ. ಹಾಗಾಗಿ ಲೈನ್ ಮೇಲೆ ಅನುಮಾನ ಇಲ್ಲ (ಎರಡು ದಿನ ಕೇಬಲ್ ಬದಲಾಯಿಸಿ ಬದಲಾಯಿಸಿ ಸಾಕಾಯಿತು). ಡಿ ಚಾನೆಲ್ (ಕರೆ ಜೋಡಿಸುವ ಸಂಕೇತಗಳ ಚಾನೆಲ್) ಟ್ರೇಸ್‌ನಲ್ಲಿ ಒಂದೇ ಸೆಟಪ್ ಮೆಸೇಜ್, ಅಂದರೆ ಒಂದೇ ಹೊಸ ಕರೆಯ ಕೋರಿಕೆ, ಕಾಣುತ್ತದೆ.

ನನ್ನ ಗುಮಾನಿ ಬಾಂಡಿಂಗ್ (ಹಲವು ಚಾನೆಲ್ ಸೇರಿಸಿ ಒಂದೇ ಕರೆ ಮಾಡುವುದು) ನಂಬರ್ ಮೇಲೆ. ಮೊದಲ ಚಾನೆಲ್ ಕೂಡಿದ ಮೇಲೆ, ಉಳಿದವಕ್ಕೆ ಯಾವ ನಂಬರ್ ಒತ್ತಬೇಕು ಅಂತ ನಮ್ಮ ಗೇಟ್‌ವೇಯೇ ಆ ಕಡೆಗೆ ಹೇಳಬೇಕು, ಅಲ್ವಾ? ಎಕ್ಸ್‌ಚೇಂಜ್ ನಮಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಳಿಸುತ್ತದೆ. ನಾನು ಗೇಟ್‌ವೇಯಲ್ಲಿ ಎಸ್‌ಟಿಡಿ ಕೋಡ್ ಸಮೇತ ಪೂರ್ತಿ ನಂಬರ್ ತುಂಬಿದ್ದೇನೆ. ಅಲ್ಲೇ ಎಡವಟ್ಟಾಯಿತೇ? ನಾಲ್ಕೇ ಅಂಕಿ ಹಾಕಬೇಕೇ? ಇಂಥ ಸೆಟ್ಟಿಂಗ್ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸೋಮವಾರ ಆ ಕಡೆಯವರು ಮತ್ತೆ ಕರೆ ಮಾಡುತ್ತಾರೆ.