ಅಪ್ಪನ ಫೋನು ಮಧ್ಯಾಹ್ನಕ್ಕೇ ಖಾಲಿ: ಬ್ಯಾಟರಿ ಬದಲಿಸಬೇಕೋ, ಹೊಸ ಫೋನೇ ಬೇಕೋ?

ಅಡಿಕೆಗರಿ:
ಊರಲ್ಲಿರುವ ಅಪ್ಪನ ಆಂಡ್ರಾಯ್ಡ್ ಫೋನಿಗೆ ಮೂರು ವರ್ಷ. 5000 ಎಂಎಎಚ್ ಬ್ಯಾಟರಿ, ಎರಡು ಸಿಮ್. ಬೆಳಿಗ್ಗೆ ಪೂರ್ತಿ ಚಾರ್ಜ್ ಆಗಿದ್ದದ್ದು ಊಟದ ಹೊತ್ತಿಗೆ 20ಕ್ಕೆ ಇಳಿದಿರುತ್ತದೆ. ಕರೆ, ವಾಟ್ಸ್‌ಆ್ಯಪ್, ಅಡಿಕೆ ಧಾರಣೆ, ಸಂಜೆ ಒಂದಿಷ್ಟು ಯೂಟ್ಯೂಬ್, ಅಷ್ಟೇ ಬಳಕೆ. ಮನೆ ಹೊಸನಗರದ ಕಡೆ, ಗುಡ್ಡದ ಬುಡದಲ್ಲಿ. ಪೇಟೆಯ ಅಂಗಡಿಯಲ್ಲಿ ಬ್ಯಾಟರಿ ಹೋಗಿದೆ ಅಂದರಂತೆ. ಅನುಭವ ಇದ್ದವರು ಹೇಳಿ, ಬ್ಯಾಟರಿ ಹಾಕಿಸುವುದೋ, ಫೋನೇ ಬದಲಿಸುವುದೋ?

ಬೆಸುಗೆಕಡ್ಡಿ:
ಎರಡೂ ಈಗಲೇ ಬೇಡ. ಗುಡ್ಡದ ಬುಡ ಅಂದಿರಲ್ಲ, ಮೊದಲು ಅನುಮಾನ ಪಡಬೇಕಾದದ್ದು ಸಿಗ್ನಲ್ ಮೇಲೆ. ಎರಡು ರಾತ್ರಿಯ ಪರೀಕ್ಷೆ ಮಾಡಿಸಿ, ಕಾಸು ಖರ್ಚಿಲ್ಲ.

ಮೊದಲ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ವೈರ್ ತೆಗೆದು, ಏರೋಪ್ಲೇನ್ ಮೋಡ್ ಹಾಕಿ ಮಲಗಲಿ. ಎಂಟು ಗಂಟೆಯಲ್ಲಿ 1ರಿಂದ 3 ಶೇಕಡಾ ಇಳಿದರೆ ಅದು ಸಹಜ. ಮಾರನೆಯ ರಾತ್ರಿ ಅದೇ ಜಾಗದಲ್ಲಿ, ಎರಡೂ ಸಿಮ್ ಚಾಲೂ ಇಟ್ಟು, ವೈಫೈ ಮತ್ತು ಡೇಟಾ ಆರಿಸಿ ನೋಡಿ. ಮೊದಲ ರಾತ್ರಿ ಕಡಿಮೆ ಇಳಿದು ಎರಡನೆಯ ರಾತ್ರಿ ಹತ್ತಕ್ಕಿಂತ ಹೆಚ್ಚು ಇಳಿದರೆ ಕಳ್ಳ ಸಿಗ್ನಲ್ಲೇ. ಏರೋಪ್ಲೇನ್ ಮೋಡ್‌ನಲ್ಲೇ ಹತ್ತು ಹನ್ನೆರಡು ಇಳಿದರೆ ಯಾವುದೋ ಆ್ಯಪ್ ಮಲಗುತ್ತಿಲ್ಲ, ಇಲ್ಲವೇ ಬ್ಯಾಟರಿಯೇ ಸೋರುತ್ತಿದೆ.

ಜೊತೆಗೆ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಸಿಗ್ನಲ್ ಬಲ ನೋಡಿ ಬರೆದುಕೊಳ್ಳಿ. ಕೆಲವು ಫೋನುಗಳಲ್ಲಿ *#*#4636#*#* ಒತ್ತಿದರೂ ಕಾಣುತ್ತದೆ. ಅದರ ಅಳತೆ ಡಿಬಿಎಂ. 4ಜಿಯಲ್ಲಿ ಮೈನಸ್ 90 ಡಿಬಿಎಂ ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120ಕ್ಕೆ ಹೋಗಿ ಬಂದು ಮಾಡುತ್ತದೆ. ಪರದೆಯ ಕಡ್ಡಿಗಳನ್ನು ನಂಬಬೇಡಿ, ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ಚಾರ್ಜರ್‌ಪಿನ್:
ಇದರ ಜೊತೆ ಒಂದು ಸಣ್ಣ ಕೆಲಸ. ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಅಂಡ್ ಡೇಟಾ ಒಳಗೆ ಮೀಡಿಯಾ ಆಟೋ ಡೌನ್‌ಲೋಡ್ ತೆಗೆದುಹಾಕಿ, ವಿಡಿಯೊದ್ದಂತೂ ಖಂಡಿತ. ನಲವತ್ತು ಗ್ರೂಪಿನ ಶುಭೋದಯ ವಿಡಿಯೊಗಳು ದುರ್ಬಲ ಸಿಗ್ನಲ್‌ನಲ್ಲಿ ತೆವಳುತ್ತ ಇಳಿಯುವಾಗ ಫೋನ್ ಬಿಸಿ ಆಗುತ್ತದೆ, ಬ್ಯಾಟರಿ ಕರಗುತ್ತದೆ.

ಅಡಿಕೆಗರಿ:
ಮಾಡಿಸಿದೆ. ಏರೋಪ್ಲೇನ್ ಮೋಡ್‌ನಲ್ಲಿ 2 ಶೇಕಡಾ, ಸಿಮ್ ಚಾಲೂ ಇದ್ದಾಗ 19. ಸಿಗ್ನಲ್ ಮಲಗುವ ಕೋಣೆಯಲ್ಲಿ ಮೈನಸ್ 117, ಜಗಲಿಯಲ್ಲಿ ಮೈನಸ್ 103. ಎರಡನೆಯ ಸಿಮ್‌ಗೆ ಮನೆಯೊಳಗೆ ಹೆಚ್ಚು ಹೊತ್ತು ನೋ ಸರ್ವಿಸ್. ಆಕ್ಯೂಬ್ಯಾಟರಿ ಆ್ಯಪ್ ನಾಲ್ಕೈದು ಚಾರ್ಜ್ ನೋಡಿ ಸಾಮರ್ಥ್ಯ 3900 ಎಂಎಎಚ್ ಅನ್ನುತ್ತಿದೆ.

ಬೆಸುಗೆಕಡ್ಡಿ:
ಸಿಕ್ಕಿತಲ್ಲ. 5000ದಲ್ಲಿ 3900 ಅಂದರೆ 78 ಶೇಕಡಾ. ಬ್ಯಾಟರಿ ಮುದಿಯಾಗಿದೆ, ಸತ್ತಿಲ್ಲ. ಬರೀ ಅಷ್ಟಕ್ಕೆ ಮಧ್ಯಾಹ್ನಕ್ಕೆ ಖಾಲಿಯಾಗುವುದಿಲ್ಲ. 19 ಮತ್ತು 2ರ ನಡುವಿನ ಅಂತರವೇ ನಿಮ್ಮ ರೋಗ. ಹೊಸ ಬ್ಯಾಟರಿ ಹಾಕಿಸಿದ್ದರೆ ಮಧ್ಯಾಹ್ನದ ಬದಲು ಮೂರು ಗಂಟೆಗೆ ಖಾಲಿ ಆಗುತ್ತಿತ್ತು. ಹೊಸ ಫೋನಿಗೂ ಅದೇ ಕೋಣೆ, ಅದೇ ಗುಡ್ಡ.

ಟವರ್‌ಗುಡ್ಡ:
ಯಾಕೆ ಹೀಗೆ ಅಂತ ಹೇಳಿಬಿಡುತ್ತೇನೆ. ಡಿಬಿಎಂ ಲೆಕ್ಕದಲ್ಲಿ 3 ಇಳಿದರೆ ಬಲ ಅರ್ಧ, 10 ಇಳಿದರೆ ಹತ್ತರಲ್ಲೊಂದು. ಜಗಲಿಗೂ ಕೋಣೆಗೂ 14ರ ವ್ಯತ್ಯಾಸ, ಅಂದರೆ ಒಳಗೆ ಸಿಗುವುದು ಇಪ್ಪತ್ತೈದರಲ್ಲಿ ಒಂದು ಪಾಲು. ಟವರ್‌ಗೆ ತನ್ನ ದನಿ ಕೇಳಿಸಲಿ ಅಂತ ಫೋನ್ ಕಿರುಚಬೇಕಾಗುತ್ತದೆ. ಸಾಮಾನ್ಯ 4ಜಿ ಫೋನ್ ಹೊರಬಿಡುವ ಗರಿಷ್ಠ ಶಕ್ತಿ 200 ಮಿಲಿವಾಟ್, ಒಳ್ಳೆಯ ಸಿಗ್ನಲ್ ಇದ್ದರೆ ಅದರ ಒಂದು ಚೂರು ಸಾಕು. ಸೇವೆಯೇ ಸಿಗದ ಸಿಮ್ ಇನ್ನೂ ಕೆಟ್ಟದ್ದು. ಟವರ್ ಸಿಗುತ್ತದಾ ಅಂತ ಒಂದಾದ ಮೇಲೊಂದು ಬ್ಯಾಂಡ್, ಅಂದರೆ ರೇಡಿಯೊ ತರಂಗದ ಪಟ್ಟಿ, ತಡಕಾಡುತ್ತಲೇ ಇರುತ್ತದೆ.

ಹಾಗಾಗಿ ಮೊದಲು ಆ ಎರಡನೆಯ ಸಿಮ್ ಅನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಬ್ಯಾಂಕಿನ ಒಟಿಪಿ ಅದೇ ನಂಬರಿಗೆ ಬರುತ್ತಿದ್ದರೆ ಮಾತ್ರ ಮೊದಲು ಯೋಚಿಸಿ, ಆಫ್ ಇದ್ದಾಗ ಏನೂ ಬರುವುದಿಲ್ಲ. ಎರಡನೆಯದು, ಫೋನ್ 5ಜಿಯದ್ದಾಗಿದ್ದರೆ ಪ್ರಿಫರ್ಡ್ ನೆಟ್‌ವರ್ಕ್ ಅನ್ನು 4ಜಿಗೆ ಇಳಿಸಿ. ಅಂಗಳದಲ್ಲಿ 5ಜಿ, ಒಳಗೆ 4ಜಿ ಅಂತ ಹಾರಾಡುವುದು ನಿಲ್ಲುತ್ತದೆ. ಜಿಯೊ ಸಿಮ್ ಇದ್ದು 2ಜಿಗೆ ಇಳಿಸಿದರೆ ಕರೆಯೇ ಬರುವುದಿಲ್ಲ, ಅವರಲ್ಲಿ 2ಜಿ, 3ಜಿ ಎರಡೂ ಇಲ್ಲ. ಮನೆಯಲ್ಲಿ ಫೈಬರ್ ಇದೆಯಾ?

ಅಡಿಕೆಗರಿ:
ಇದೆ, ಕಳೆದ ವರ್ಷ ಹಾಕಿಸಿದ್ದು. ಕರೆಂಟು ಹೋದರೆ ಅದೂ ಹೋಗುತ್ತದೆ.

ಟವರ್‌ಗುಡ್ಡ:
ಹಾಗಾದರೆ ಮದ್ದು ಮನೆಯಲ್ಲೇ ಇದೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿ. ಏರ್‌ಟೆಲ್, ಜಿಯೊ ಎರಡರಲ್ಲೂ ಬೇರೆ ದುಡ್ಡಿಲ್ಲದೆ ನಡೆಯುತ್ತದೆ, ಬ್ರಾಡ್‌ಬ್ಯಾಂಡ್ ಯಾವ ಕಂಪನಿಯದ್ದಾದರೂ ಆದೀತು. ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಮತ್ತೆ ಆನ್ ಮಾಡಿದರೆ ಫೋನ್ ಟವರ್ ಹುಡುಕುವ ಗೋಜಿಗೇ ಹೋಗುವುದಿಲ್ಲ, ಆದರೂ ಕರೆ ಬರುತ್ತದೆ. ಈ ಸ್ಥಿತಿಯಲ್ಲಿ ಒಟಿಪಿ ಎಸ್ಎಂಎಸ್ ಬರುತ್ತದಾ ಅಂತ ಒಮ್ಮೆ ತರಿಸಿ ನೋಡಿಕೊಳ್ಳಿ.

ರೂಟರ್‌ಗೆ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದದ್ದು ಓದಿ, ಬಹುತೇಕ 12 ವೋಲ್ಟ್, 1 ಅಥವಾ 1.5 ಆಂಪ್ ಇರುತ್ತದೆ. ಪಿನ್‌ನ ದಪ್ಪವೂ, ಪ್ಲಸ್ ಮೈನಸ್ಸೂ ಹೊಂದಬೇಕು. ಡಬ್ಬಿಯ ಮೇಲೆ 10000 ಎಂಎಎಚ್ ಅಂದರೆ ಅದು 3.7 ವೋಲ್ಟ್ ಲೆಕ್ಕ: 37 ವಾಟ್‌ಅವರ್. ರೂಟರ್ 8 ವಾಟ್ ತಿಂದರೆ, ನಷ್ಟ ಕಳೆದು, ನಾಲ್ಕು ಗಂಟೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಎರಡು ದಿನ ಹೋದರೆ ಇದರಿಂದ ಪ್ರಯೋಜನವಿಲ್ಲ, ಅದು ಬೇರೆ ಮಾತು.

ಚಾರ್ಜರ್‌ಪಿನ್:
ಹಿರಿಯರು ಏರೋಪ್ಲೇನ್ ಮೋಡ್ ಮರೆತು ತೋಟಕ್ಕೆ ಹೋದರೆ ಇಡೀ ದಿನ ನಾಟ್ ರೀಚೆಬಲ್. ಅದಕ್ಕೆ ಹಗಲು ಆ ತಂಟೆಯೇ ಬೇಡ. ಜಗಲಿಯಲ್ಲಿ ಸಿಗ್ನಲ್ ಇರುವ ಕಂಬಕ್ಕೆ ಒಂದು ಮೊಳೆ, ಮೊಳೆಗೆ ಬಟ್ಟೆ ಚೀಲ, ಚೀಲದಲ್ಲಿ ಫೋನ್. ಮಳೆಯ ಇರಚಲು ತಾಗದ ಕಂಬ ಆರಿಸಿ.

ಬೆಸುಗೆಕಡ್ಡಿ:
ಮೊಳೆಗೆ ನನ್ನದೂ ಒಂದು ಮತ!

ಬ್ಯಾಟರಿ ವಿಷಯಕ್ಕೆ ಬರೋಣ. ಇಷ್ಟೆಲ್ಲ ಮಾಡಿದ ಮೇಲೂ ಸಂಜೆಗೆ ಸಾಲದಿದ್ದರೆ ಹಾಕಿಸಿ. ಬದಲಿಸಲೇಬೇಕಾದ ಗುರುತು ಎರಡು. 15, 20 ತೋರಿಸುತ್ತಿರುವಾಗಲೇ ದಿಢೀರ್ ಆಫ್ ಆಗುವುದು ಒಂದು: ಹಳೆಯ ಸೆಲ್‌ನ ಒಳರೋಧ ಹೆಚ್ಚಿ, ಕ್ಯಾಮೆರಾ ತೆರೆದೊಡನೆ ವೋಲ್ಟೇಜ್ ಕುಸಿಯುತ್ತದೆ. ಇನ್ನೊಂದು ಊದಿಕೊಳ್ಳುವುದು. ಫೋನನ್ನು ಗಾಜಿನ ಮೇಜಿನ ಮೇಲೆ ಮಲಗಿಸಿ ತಿರುಗಿಸಿ, ಬುಗುರಿಯಂತೆ ತಿರುಗಿದರೆ ಅಥವಾ ಪರದೆಯ ಅಂಚು ಎದ್ದಿದ್ದರೆ ಅವತ್ತಿನಿಂದಲೇ ಚಾರ್ಜ್ ಹಾಕಬೇಡಿ. ಒತ್ತಿ ಕೂರಿಸುವುದು, ಸೂಜಿ ಚುಚ್ಚಿ ಗಾಳಿ ಬಿಡುವುದು ಬೆಂಕಿಗೆ ಆಹ್ವಾನ.

ಸಾಧ್ಯವಾದರೆ ಕಂಪನಿಯ ಸರ್ವಿಸ್ ಸೆಂಟರ್. ಹೊರಗಿನ ಅಂಗಡಿಯಾದರೆ ಕೂತು ನೋಡಿ. ಮೂಲ ಬ್ಯಾಟರಿಯದೇ ಅಳತೆಯ ತುಂಡಿನ ಮೇಲೆ 6000, 6500 ಅಂತ ಅಚ್ಚಾಗಿದ್ದರೆ ಸುಳ್ಳು ಅಂತಲೇ ತಿಳಿಯಿರಿ, ಅದೇ ಜಾಗದಲ್ಲಿ ಅಷ್ಟು ಹಿಡಿಸುವುದಿಲ್ಲ. ತಕ್ಕಡಿ ಇದ್ದರೆ ಹಳೆಯದನ್ನೂ ಹೊಸದನ್ನೂ ತೂಗಿಸಿ. ಹೊಸದು ಹತ್ತು ಹದಿನೈದು ಗ್ರಾಂ ಹಗುರವಿದ್ದರೆ ಬೇಡ. ತಯಾರಿಕೆಯ ದಿನಾಂಕ ಎರಡು ವರ್ಷ ಹಳೆಯದಿದ್ದರೂ ಬೇಡ, ಲಿಥಿಯಂ ಸೆಲ್ ಅಂಗಡಿಯ ಡ್ರಾಯರಿನಲ್ಲೂ ಮುದಿಯಾಗುತ್ತದೆ.

ನೋಡಬೇಕಾದ ಕೆಲಸ ಇದು: ಬಿಚ್ಚುವ ಮೊದಲು ಚಾರ್ಜ್ 25ಕ್ಕಿಂತ ಕೆಳಗಿರಬೇಕು. ಹಿಂಬದಿ ಅಂಟಿಸಿದ್ದರೆ ಅಂಚನ್ನು ಹದವಾಗಿ ಬಿಸಿ ಮಾಡಿ ಪ್ಲಾಸ್ಟಿಕ್ ಕಾರ್ಡ್ ತೂರಿಸಬೇಕು. ಫಿಂಗರ್‌ಪ್ರಿಂಟ್ ಹಿಂಬದಿಯಲ್ಲಿದ್ದರೆ ಅದರ ತೆಳು ಪಟ್ಟಿ ಮುಚ್ಚಳಕ್ಕೇ ಅಂಟಿರುತ್ತದೆ, ಜಗ್ಗಿದರೆ ಹರಿಯಿತು. ಒಳಗೆ ಹೋದೊಡನೆ ಮೊದಲು ತೆಗೆಯಬೇಕಾದದ್ದು ಬ್ಯಾಟರಿಯ ಕನೆಕ್ಟರ್. ಸ್ಕ್ರೂಗಳ ಉದ್ದ ಬೇರೆಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಬೋರ್ಡ್ ತೂತಾಗುತ್ತದೆ. ಹಳೆಯ ಬ್ಯಾಟರಿ ಎಳೆಯಲು ಪಟ್ಟಿ ಇಲ್ಲದಿದ್ದರೆ ಅಂಚಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ನಾಲ್ಕು ಹನಿ ಬಿಟ್ಟು ಎರಡು ನಿಮಿಷ ಕಾಯಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟುವವನ ಕೈಯಿಂದ ಫೋನ್ ವಾಪಸ್ ತಗೊಳ್ಳಿ. ಒಮ್ಮೆ ಬಿಚ್ಚಿದ ಫೋನಿನ ನೀರು ತಡೆಯುವ ಗುಣ ಹೋಯಿತೆಂದೇ ಇಟ್ಟುಕೊಳ್ಳಿ, ಮಲೆನಾಡಿನ ಜೂನ್ ತಿಂಗಳಿಗೆ ಇದು ಮುಖ್ಯ.

ಚಾರ್ಜರ್‌ಪಿನ್:
ಹೊಸದು ಹಾಕಿಸಿದ ಮೇಲೆ ಚಾರ್ಜ್ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿ. ಚಾರ್ಜ್ ಆಗುವಾಗ ದಪ್ಪ ಪೌಚ್ ತೆಗೆಯಿರಿ, ಬ್ಯಾಟರಿಗೆ ಶಾಖವೇ ವೈರಿ. ಮಳೆಗಾಲದಲ್ಲಿ ಪೋರ್ಟ್‌ನಲ್ಲಿ ತೇವ ಅಂತ ತೋರಿಸಿದರೆ ಬಾಯಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಯಲ್ಲಿಡಿ. ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯ ಪುಡಿ ಪೋರ್ಟ್‌ನೊಳಗೆ ಕೂರುತ್ತದೆ.

ಅಡಿಕೆಗರಿ:
ಕೊನೆಯದಾಗಿ, ಅಪ್ಪನ ಫೋನ್‌ಪೇ ಅದರಲ್ಲೇ ಇದೆ. ಅಂಗಡಿಯವರು ಪಾಸ್‌ವರ್ಡ್ ಕೇಳುತ್ತಾರೆ.

ಟವರ್‌ಗುಡ್ಡ:
ಬ್ಯಾಟರಿ ಹಾಕಲು ಪಾಸ್‌ವರ್ಡ್ ಬೇಕಿಲ್ಲ. ಆನ್ ಆಗುತ್ತದಾ, ಚಾರ್ಜ್ ತಗೊಳ್ಳುತ್ತದಾ ಅನ್ನುವುದು ಲಾಕ್ ಇದ್ದರೂ ಗೊತ್ತಾಗುತ್ತದೆ. ಸ್ಯಾಮ್‌ಸಂಗ್ ಆದರೆ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್ ಆದರೆ ರಿಪೇರ್ ಮೋಡ್ ಹಾಕಿ ಕೊಡಿ, ಫೋಟೊ, ಮೆಸೇಜ್, ಆ್ಯಪ್ ಏನೂ ಅವರಿಗೆ ಕಾಣುವುದಿಲ್ಲ. ಸಿಮ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿಡಿ, ಅದು ಗೂಗಲ್‌ನ 15 ಜಿಬಿ ಲೆಕ್ಕಕ್ಕೇ ಸೇರುವುದರಿಂದ ಜಾಗ ಇದೆಯಾ ನೋಡಿ.

ಫೋನ್ ರೀಸೆಟ್ ಮಾಡಬೇಕಾಗಿ ಬಂದರೆ ಯುಪಿಐ ಮತ್ತೆ ನೋಂದಾಯಿಸಬೇಕು, ಆಗ ಮೊದಲ 24 ಗಂಟೆ 5000 ರೂಪಾಯಿ ಮಿತಿ ಇರುತ್ತದೆ. ಅಡಿಕೆ ಗೊನೆ ಕೊಯ್ಲಿನ ಕೂಲಿ ಬಟವಾಡೆಯ ಹಿಂದಿನ ದಿನ ಮಾತ್ರ ಪೇಟೆಗೆ ಹೊರಡಬೇಡಿ ಅನ್ನಿ ಅಪ್ಪನಿಗೆ.