ಎತ್ತರದ ಸರೋವರಗಳಲ್ಲಿ ಹೆಬ್ಬಾತುಗಳಿಗೆ ಇರುವ ತೊಂದರೆ ಏನು?

ಪ್ರಶ್ನೆ (ದಾವಣಗೆರೆ): ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಲಡಾಖ್, ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಜಾತಿಯವು. ಲಡಾಖಿನ ಸರೋವರಗಳಾದ ಸೋ ಮೊರಿರಿಗೆ 2002ರಲ್ಲಿ, ಸೋ ಕಾರ್‌ಗೆ 2020ರಲ್ಲಿ ರಾಮ್ಸಾರ್ ಮಾನ್ಯತೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮನ್ನಣೆ) ದೊರೆತ ಮೇಲೂ ಅಲ್ಲಿ ಅವುಗಳಿಗಿರುವ ಅಪಾಯವೇನೆಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ (ಹರಿಹರ): ಮಾನ್ಯತೆಯೆಂದರೆ ಬೇಲಿಯಲ್ಲ. ಸುಮಾರು 4,500 ಮೀಟರ್ ಎತ್ತರದಲ್ಲಿ ಬೇಸಿಗೆ ಬಹಳ ಚಿಕ್ಕದು. ಹೆಬ್ಬಾತು ಹೆಚ್ಚಾಗಿ ನೆಲದ ಮೇಲೆಯೇ ಗೂಡು ಮಾಡಿ ನಾಲ್ಕು ವಾರದಷ್ಟು ಕಾಲ ಕಾವು ಕೂರುತ್ತದೆ. ಪ್ರವಾಸಿಗಳ ವಾಹನಗಳು ದಂಡೆಯ ಜೌಗು ಹುಲ್ಲನ್ನು ತುಳಿಯುವುದೂ, ಡೇರೆಗಳ ಎಂಜಲು ತಿಂದು ಹೆಚ್ಚಿದ ನಾಯಿಗಳು ಮೊಟ್ಟೆ, ಮರಿಗಳಿಗೆ ಬಾಯಿ ಹಾಕುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಕಪ್ಪುಕತ್ತಿನ ಕ್ರೌಂಚಕ್ಕೂ ಇದೇ ಕಾಟ. ಡೇರೆಗಳನ್ನು ದಂಡೆಯಿಂದ ದೂರ ಸರಿಸಿ, ಕಸವನ್ನು ಹೊರಗೆ ಸಾಗಿಸಿ, ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ಆದರೆ ಅಲ್ಲಿನ ಚಾಂಗ್‌ಪಾ ಕುರಿಗಾಹಿಗಳನ್ನು ಬಿಟ್ಟು ರೂಪಿಸಿದ ಯಾವ ಯೋಜನೆಯೂ ನಿಲ್ಲಲಾರದೆಂಬುದು ನನ್ನ ಅಭಿಪ್ರಾಯ.

ಉತ್ತರ (ಚಿತ್ರದುರ್ಗ): ನಮ್ಮ ಕಡೆಯ ಹೊಣೆಯೂ ಇದೆ. ಹಿಮಾಲಯ ದಾಟಲು ಬೇಕಾದ ಕೊಬ್ಬನ್ನು ಅವು ಇಲ್ಲಿನ ಹೊಲಗಳಲ್ಲಿ ಮೇಯ್ದು ಕೂಡಿಸಿಕೊಳ್ಳತೊಡಗುತ್ತವೆ. ಹೂಳೆತ್ತುವ ಹೆಸರಿನಲ್ಲಿ ಕೆರೆಯಂಗಳವನ್ನು ಜೆಸಿಬಿಯಿಂದ ಒಂದೇ ಆಳಕ್ಕೆ ಬಗೆದರೆ ಹಕ್ಕಿಗಳು ನಿಲ್ಲುವ ತೆಳುನೀರಿನ ಅಂಚೇ ಉಳಿಯುವುದಿಲ್ಲ; ಮೊದಲು ಹಾಗೆ ಬಗೆಯುವುದು ನಿಲ್ಲಲಿ.