ಅಪ್‌ಡೇಟ್: ಮಕ್ಕಳ ಹೃದಯ ಐಸಿಯುಗೆ ಸೇರಿಕೊಂಡೆ

ಬಿಎಸ್ಸಿ ನರ್ಸಿಂಗ್ ಮುಗಿಸಿ ಸೀದಾ ಮಕ್ಕಳ ಹೃದಯ ವಿಭಾಗಕ್ಕೆ ಹೋಗಬಹುದಾ, ಮೊದಲು ಜನರಲ್ ವಾರ್ಡಲ್ಲಿ ಪಳಗಬೇಕಾ ಅಂತ ಕೇಳಿದ್ದೆನಲ್ಲ, ಸೀದಾ ಸೇರಿಕೊಂಡೆ. ಬೆಂಗಳೂರಲ್ಲೇ. ಸದ್ಯಕ್ಕೆ ಸೀನಿಯರ್ ಸಿಸ್ಟರ್ ಜೊತೆಗೇ ಡ್ಯೂಟಿ.

ಓದಿದ್ದು ತಲೆಕೆಳಗಾಗೋದು ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾವಾರು) ವಿಷಯದಲ್ಲಿ. ಅದು ಜಾಸ್ತಿ ಇದ್ದರೆ ಒಳ್ಳೇದು ಅಂತ ಓದಿರ್ತೀವಿ, ಇಲ್ಲಿ ಯಾವಾಗಲೂ ಹಾಗಲ್ಲ. ಬಿಟಿ ಶಂಟ್ (ಶ್ವಾಸಕೋಶಕ್ಕೆ ರಕ್ತ ಒಯ್ಯೋ ಪುಟ್ಟ ಕೊಳವೆ) ಹಾಕಿದ ಒಂಟಿ ವೆಂಟ್ರಿಕಲ್ (ಹೃದಯದಲ್ಲಿ ರಕ್ತ ಪಂಪ್ ಮಾಡೋ ಕೋಣೆ ಒಂದೇ ಸರಿಯಾಗಿರೋ) ಮಗುವಿಗೆ 75ರಿಂದ 85 ಇದ್ದರೆ ಸರಿ. 95 ಕಂಡರೆ ಡಾಕ್ಟರನ್ನ ಕರೀಬೇಕು, ರಕ್ತ ಶ್ವಾಸಕೋಶಕ್ಕೇ ಜಾಸ್ತಿ ಹರಿದು ಮೈಗೆ ಕಡಿಮೆಯಾಗ್ತಿರಬಹುದು. ಫ್ಯಾಲೋ (ಮೈ ನೀಲಿಗಟ್ಟಿಸೋ ಒಂದು ಹುಟ್ಟು ಹೃದಯದೋಷ) ಇರೋ ಮಗು ಅತ್ತು ನೀಲಿಗಟ್ಟಿದರೆ ತಕ್ಷಣ ಮಂಡಿ ಎದೆಗೆ ಮಡಚಿ ಹಿಡೀತೀವಿ, ಜೊತೆಗೆ ಆಕ್ಸಿಜನ್. ಡೋಸ್ ಎಲ್ಲ ತೂಕದ ಮೇಲೆ, ಇಬ್ಬರು ಬೇರೆಬೇರೆ ಲೆಕ್ಕ ಹಾಕಿ ತಾಳೆ ನೋಡ್ತೀವಿ. (ಗಣಿತ ಬೇಡ ಅಂತಲೇ ನರ್ಸಿಂಗಿಗೆ ಬಂದವಳು ನಾನು!)

ನೈಟ್ ಡ್ಯೂಟಿ ಕಷ್ಟವೇ. ಇಂಟರ್‌ವ್ಯೂನಲ್ಲಿ ಇಸಿಜಿ ಕೇಳ್ತಾರೆ ಅಂದಿದ್ದವರಿಗೆ ಥ್ಯಾಂಕ್ಸ್, ಕೇಳೇ ಕೇಳಿದರು.